ಸಿದ್ದಮಲ್ಲಪ್ಪನವರ ಗೀರಿಲ್ಲದ ಸ್ಟೈಲಸ್ಸು

ಹೆದರುವುದರಲ್ಲಿ ಸಿದ್ದಮಲ್ಲಪ್ಪನವರು ನಮ್ಮ ಕಚೇರಿಗೇ ಸೀನಿಯರು. ಮೂವತ್ಮೂರು ವರ್ಷದ ಸರ್ವೀಸಿನಲ್ಲಿ ಅವರಿಗೆ ಒಂದು ಮೆಮೋ ಬಂದಿಲ್ಲ, ಒಂದು ನೋಟೀಸು ಬಂದಿಲ್ಲ. ಅದಕ್ಕೆ ಅವರ ದಕ್ಷತೆಯೇ ಕಾರಣ ಎಂದು ಹೊರಗಿನವರು ತಿಳಿದಿದ್ದಾರೆ. ಪಕ್ಕದ ಮೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕೂತಿರುವ ನನಗೆ ಗೊತ್ತು, ಅದು ಬರೀ ಹೆದರಿಕೆ. ಫೈಲಿನ ದಾರ ಬಿಗಿಯಾಗಿ ಎಳೆದರೆ ಕಾಗದ ಹರಿದೀತು, ಸಡಿಲ ಬಿಟ್ಟರೆ ಕಳೆದೀತು. ಫ್ಯಾನು ಹಾಕಿದರೆ ತಲೆಯ ಮೇಲೆ ಬಿದ್ದೀತು, ಆರಿಸಿದರೆ ಮೇಲಿನವರಿಗೆ ಸೆಕೆಯಾದೀತು. ನಿವೃತ್ತಿಗೆ ಹತ್ತೇ ತಿಂಗಳು ಉಳಿದಿತ್ತು. ಆ ಹತ್ತು ತಿಂಗಳನ್ನು ಹೇಗೋ ಉಸಿರು ಬಿಗಿಹಿಡಿದು ದಾಟಿ, ಒಂದು ಕಪ್ಪು ಚುಕ್ಕೆಯೂ ಇಲ್ಲದ ಸೇವಾ ಪುಸ್ತಕದೊಂದಿಗೆ ಮನೆ ಸೇರಬೇಕು ಎಂಬುದೊಂದೇ ಅವರ ಆಸೆ.

ಇಂಥವರ ಕೈಗೆ ಇಲಾಖೆ ಒಂದು ಟ್ಯಾಬು ಕೊಟ್ಟಿತು.

ಕೆಲಸ ದೊಡ್ಡದೇನಲ್ಲ. ಊರಿನ ಮರಗಳ ಗಣತಿ. ಮನೆಮನೆಗೆ ಹೋಗಿ, ಕಾಂಪೌಂಡಿನೊಳಗೆ ಎಷ್ಟು ಮರ ಇವೆ ಎಂದು ಎಣಿಸಿ, ಟ್ಯಾಬಿನಲ್ಲಿ ತುಂಬಿ, ಮನೆಯವರಿಂದ ಪರದೆಯ ಮೇಲೇ ಸಹಿ ಹಾಕಿಸಿಕೊಳ್ಳಬೇಕು. ಅದಕ್ಕೆಂದು ಪ್ರತಿ ಟ್ಯಾಬಿನ ಜೊತೆ ಒಂದು ಸ್ಟೈಲಸ್ಸು. ಬೂದು ಬಣ್ಣದ ಲೋಹದ ಕಡ್ಡಿ, ನಡು ಭಾಗದಲ್ಲಿ ಕಪ್ಪು ಶಾಯಿಯಲ್ಲಿ ಅಚ್ಚಾದ ಇಲಾಖೆಯ ನಂಬರು. ಸ್ಟೈಲಸ್ಸು ಅನ್ನುವಷ್ಟು ಪುರಸೊತ್ತು ಯಾರಿಗಿದೆ, ನಾವೆಲ್ಲ ಕಡ್ಡಿ ಅಂತಲೇ ಕರೆದೆವು. ಸಿದ್ದಮಲ್ಲಪ್ಪನವರಿಗೆ ಸಿಕ್ಕ ಕಡ್ಡಿಯ ನಂಬರು 27.

ಉಗ್ರಾಣದ ವೆಂಕಟಸುಬ್ಬಯ್ಯನವರು ಕಡ್ಡಿ ಕೊಡುವ ಮುಂಚೆ ಒಂದು ಮುಚ್ಚಳಿಕೆ ಓದಿದರು. "ಸದರಿ ಉಪಕರಣವನ್ನು ಗೀರು, ಸವೆತ, ತರಚು, ಬಣ್ಣಗೆಡುವಿಕೆ ಮುಂತಾದ ಬಾಹ್ಯ ದೋಷಗಳಿಲ್ಲದೆ, ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತು ಕ್ರಮಕ್ಕೆ ಬದ್ಧನಾಗಿರುತ್ತೇನೆ."

ಉಳಿದ ನಾವೆಲ್ಲ ಸಭ್ಯ ನೌಕರರಂತೆ ಕೇಳಿಸಿಕೊಳ್ಳದೆ ಸಹಿ ಹಾಕಿದೆವು. ಸಿದ್ದಮಲ್ಲಪ್ಪನವರು ಮಾತ್ರ ಇನ್ನೊಂದು ಸಲ ಓದಿಸಿದರು.

"ಸ್ವಾಮಿ, ಗೀರು ಅಂದ್ರೆ ಎಷ್ಟುದ್ದ ಇರ್ಬೇಕು?"

"ಕಣ್ಣಿಗೆ ಕಂಡ್ರೆ ಗೀರು."

"ಯಾರ ಕಣ್ಣಿಗೆ?"

"ನನ್ನ ಕಣ್ಣಿಗೆ," ಎಂದರು ವೆಂಕಟಸುಬ್ಬಯ್ಯನವರು. ಅವರಿಗೆ ಹೋದ ತಿಂಗಳಷ್ಟೇ ಪೊರೆ ಆಪರೇಷನ್ ಆಗಿ, ಎದುರು ಗೋಡೆಯ ಮೇಲಿನ ಇರುವೆಯ ಮೀಸೆಯೂ ಕಾಣುತ್ತಿತ್ತು. "ಹಿಂದೆ ಒಬ್ರು ಗುಮಾಸ್ತರಿದ್ರು, ಸಿದ್ದಮಲ್ಲಪ್ಪನವ್ರೇ. ಇಂಕ್ ಪ್ಯಾಡಿನ ಮುಚ್ಚಳ ಕಳೆದ್ರು. ಅವರ ನಿವೃತ್ತಿ ಕಾಗದ ಹನ್ನೊಂದು ವರ್ಷ ಮೇಜಿಂದ ಮೇಜಿಗೆ ಓಡಾಡ್ತು. ಕೊನೆಗೆ ಮುಚ್ಚಳ ಸಿಕ್ತು. ಅವರು ಸಿಗ್ಲಿಲ್ಲ."

ಸಿದ್ದಮಲ್ಲಪ್ಪನವರ ಮುಖ ಸುಣ್ಣ ಬಳಿದಂತಾಯಿತು. ಸಾಕ್ಷಿಯ ಜಾಗ ಖಾಲಿ ಇತ್ತು. "ತೋಮಸ್ ಅವ್ರೇ, ನೀವೊಂದು ಸಹಿ ಹಾಕಿ," ಎಂದು ಸಿದ್ದಮಲ್ಲಪ್ಪನವರು ನನ್ನ ಕಡೆ ತಿರುಗಿದರು. ಹಾಕಿಬಿಟ್ಟೆ. ಹೀಗೆ ನಂಬರ್ 27ರ ಯೋಗಕ್ಷೇಮಕ್ಕೆ ನಾನೂ ಜವಾಬ್ದಾರನಾದೆ.

ಅದೇ ಸಂಜೆ ನನ್ನನ್ನು ಲಷ್ಕರ್ ಮೊಹಲ್ಲಾದ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಎಳೆದುಕೊಂಡು ಹೋದರು. ಕಡ್ಡಿ ಸವೆಯದಂತೆ ಕಾಪಾಡುವುದು ಹೇಗೆ ಎಂದು ತಜ್ಞರ ಅಭಿಪ್ರಾಯ ಬೇಕಿತ್ತು. ಅಂಗಡಿಯವನು ಕಿವಿಗೆ ಸಿಕ್ಕಿಸಿದ್ದ ಸ್ಕ್ರೂಡ್ರೈವರ್ ತೆಗೆದು ಪಾಠ ಶುರು ಮಾಡಿದ. ಬೀಗದ ಕೈ, ಚಿಲ್ಲರೆ ಇರುವ ಜೇಬಲ್ಲಿ ಇಟ್ಟರೆ ಗೀರು. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟರೆ ಬಣ್ಣ ಹೋಗುತ್ತೆ. ಪರದೆಯ ಮೇಲೆ ಅಗ್ಗದ ಗಾಜು ಅಂಟಿಸಿದ್ದರೆ ಮೂತಿ ಸವೆಯುತ್ತೆ. ಉಂಗುರ ಹಾಕಿದವರ ಕೈಗೆ ಕೊಟ್ಟರೆ ತರಚು, ಅರಿಶಿನದ ಕೈಗೆ ಕೊಟ್ಟರೆ ಕಲೆ, ಬೆವರು ಕೈ ಆದರೆ ಹೊಳಪು ಮಾಯ.

"ಒಟ್ನಲ್ಲಿ ಉಪಯೋಗಿಸಿದ್ರೆ ಸವೆಯುತ್ತೆ ಸಾರ್. ಅದರ ಗುಣವೇ ಅದು."

"ಉಪಯೋಗಿಸದಿದ್ರೆ?"

"ಉಪಯೋಗಿಸದಿದ್ರೆ ಏನೂ ಆಗಲ್ಲ."

ಸಿದ್ದಮಲ್ಲಪ್ಪನವರ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ರಕ್ತ ಓಡಾಡಿತು. ನನಗೆ ಆಗಲೇ ಮುಂದಿನದು ಅಂದಾಜಾಯಿತು, ಆದರೆ ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಬಿಡದಿರುವುದೂ ಸರ್ಕಾರಿ ಕೆಲಸದ ಅಭ್ಯಾಸ.

ಅವರ ಹೆಂಡತಿ ಸರ್ವಮಂಗಳಮ್ಮನವರು ಕುಪ್ಪಸ ಹೊಲಿಸಿ ಉಳಿದ ರೇಷ್ಮೆ ತುಂಡು ಕೊಟ್ಟರು. ಕಡ್ಡಿಗೆ ಮೊದಲು ಐಸ್ ಕ್ಯಾಂಡಿಯ ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ರೇಷ್ಮೆ, ಅದರ ಮೇಲೆ ಕನ್ನಡಕದ ಡಬ್ಬಿ, ಡಬ್ಬಿಗೊಂದು ರಬ್ಬರ್ ಬ್ಯಾಂಡು. ಇಷ್ಟನ್ನೂ ಬ್ಯಾಗಿನ ತಳದಲ್ಲಿಟ್ಟು, ಆ ಬ್ಯಾಗನ್ನು ಎದೆಗವುಚಿಕೊಂಡು ಸಿದ್ದಮಲ್ಲಪ್ಪನವರು ಶ್ರೀರಾಂಪುರದ ಬಡಾವಣೆಗಳಿಗೆ ಮರ ಎಣಿಸಲು ಹೊರಟರು. ಟ್ಯಾಬಿನಲ್ಲಿ ತುಂಬುವುದೆಲ್ಲ ತಮ್ಮ ತೋರುಬೆರಳಿನಲ್ಲಿ.

ರಸ್ತೆಯ ಆ ಬದಿ ಅವರದು, ಈ ಬದಿ ನನ್ನದು. ಹಾಗಾಗಿ ಪಾರ್ವತಮ್ಮನವರ ಮನೆ ಬಾಗಿಲಲ್ಲಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡೆ.

"ಮರ ಎಣಿಸಿ ಏನ್ ಮಾಡ್ತೀರಾ? ಕಂದಾಯ ಹಾಕ್ತೀರಾ?" ಎಂದು ಗೇಟಿನೊಳಗಿಂದಲೇ ಕೇಳಿದರು ಆಕೆ.

"ಇಲ್ಲ ಕಣಮ್ಮ."

"ಕಡೀತೀರಾ?"

"ಇಲ್ಲ ಕಣಮ್ಮ."

"ಮತ್ತೆ ಕೆಲ್ಸ ಇಲ್ದೆ ಯಾರಾದ್ರೂ ನುಗ್ಗೆ ಮರ ಎಣಿಸ್ತಾರಾ? ಆ ಸಪೋಟ ನಮ್ದಲ್ಲ, ಪಕ್ಕದವ್ರದ್ದು. ಬೇರು ಮಾತ್ರ ಈ ಕಡೆ ಬಂದ್ಬುಟ್ಟಿದೆ. ಬರ್ಕೊಂಡ್ರಾ? ಕೊಡಿ ಕಡ್ಡಿ, ಸಹಿ ಹಾಕ್ತೀನಿ."

ಸಿದ್ದಮಲ್ಲಪ್ಪನವರು ಚಾಚಿದ ಆ ಕೈ ನೋಡಿದರು. ಮೂರು ಉಂಗುರ, ಡಜನ್ ಬಳೆ, ಬೆರಳ ತುಂಬ ಆಗತಾನೇ ಉಪ್ಪಿನಕಾಯಿಗೆ ಕಲಸಿದ ಅರಿಶಿನ. ಅಂಗಡಿಯವನು ಹೇಳಿದ ಅಷ್ಟೂ ಗಂಡಾಂತರ ಒಂದೇ ಕೈಯಲ್ಲಿ ಕೂಡಿ ಬಂದಿತ್ತು. ಅವರು ಬ್ಯಾಗನ್ನು ಇನ್ನಷ್ಟು ಗಟ್ಟಿಯಾಗಿ ತಬ್ಬಿಕೊಂಡರು.

"ಬೆರಳಲ್ಲೇ ಹಾಕಿ ತಾಯಿ."

"ಬೆರಳಲ್ಲಿ? ನನ್ನೇನು ಹೆಬ್ಬೆಟ್ಟು ಅನ್ಕೊಂಡ್ರಾ? ಎಸ್ಸೆಸ್ಸೆಲ್ಸೀಲಿ ಫಸ್ಟ್ ಕ್ಲಾಸು ಕಣ್ರೀ ನಾನು!"

ಬೈದುಕೊಂಡೇ ಬೆರಳನ್ನು ಸೆರಗಿಗೆ ಒರೆಸಿ ಪರದೆಯ ಮೇಲೆ ಎಳೆದರು. ಎರೆಹುಳು ಹರಿದ ಹಾಗೆ ಒಂದು ಗೆರೆ ಬಿತ್ತು. ಮುಂದಿನ ಮನೆಯಲ್ಲೂ ಎರೆಹುಳು. ಅದರ ಮುಂದಿನ ಮನೆಯಲ್ಲೂ ಅದರ ತಮ್ಮ. ಎರಡು ತಿಂಗಳಲ್ಲಿ ನಾನ್ನೂರ ಹನ್ನೆರಡು ಮನೆ, ನಾನ್ನೂರ ಹನ್ನೆರಡು ಎರೆಹುಳು.

ಇಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹೆದರಿಕೆಗೆ ರಜೆ ಇಲ್ಲವಲ್ಲ. ಗಣತಿ ಶುರುವಾದ ಎರಡನೇ ವಾರದಲ್ಲೇ ಒಂದು ಸಂಜೆ ಡಬ್ಬಿ ತೆರೆದಾಗ, ಬಳಸದೆ ಇದ್ದ ಕಡ್ಡಿಯ ಮೈ ಸ್ವಲ್ಪ ಮಸುಕಾಗಿದೆ ಎನ್ನಿಸಿತು. ಸರ್ವಮಂಗಳಮ್ಮ ಧೈರ್ಯ ಹೇಳಿದರು. "ಇಟ್ಟ ಬೆಳ್ಳೀನೂ ಕಪ್ಪಾಗುತ್ತೆ ಕಣ್ರೀ. ಒಂಚೂರು ವಿಭೂತಿ ಹಾಕಿ ಉಜ್ಜಿ."

ಇದರಲ್ಲಿ ತಪ್ಪೇನೂ ಇಲ್ಲ. ಬೆಳ್ಳಿಗೆ ವಿಭೂತಿ ಎನ್ನುವುದು ಮೈಸೂರಿನಲ್ಲಿ ಎಲ್ಲರ ಮನೆಯ ಶಾಸ್ತ್ರ. ನಮ್ಮ ಮನೆಯಲ್ಲಿ ಮಾತೆಯ ಮುಂದಿನ ಬೆಳ್ಳಿ ಮೇಣದ ಕಂಬವನ್ನು ನನ್ನ ಹೆಂಡತಿ ರೋಸ್ಲಿನ್ ತಿಕ್ಕುವುದೂ ಪೂಜಾ ಸಾಮಾನಿನ ಗ್ರಂಧಿಗೆ ಅಂಗಡಿಯ ವಿಭೂತಿಯಲ್ಲೇ. ಅದಕ್ಕೆ ಚರ್ಚಿನವರೂ ಏನೂ ಅಂದಿಲ್ಲ. ಆದರೆ ನಾವು ತಿಕ್ಕುವುದು ವರ್ಷಕ್ಕೆರಡು ಸಲ. ಸಿದ್ದಮಲ್ಲಪ್ಪನವರು ತಿಕ್ಕಿದ್ದು ದಿನಾ ಸಂಜೆ, ಪೂಜೆ ಮುಗಿದ ಮೇಲೆ, ವಿಭೂತಿ ಗಟ್ಟಿಯಿಂದ ಪುಡಿ ತೆಗೆದು, ಅದೇ ತೋರುಬೆರಳಿನಲ್ಲಿ, ಒಂದು ಗಂಟೆ. ಕಡ್ಡಿ ಹೊಳೆಯತೊಡಗಿತು. ಹೊಳೆದಷ್ಟೂ ನಾಳೆ ಮಂಕಾದೀತೆಂಬ ಭಯ ಹೆಚ್ಚಿತು. ಭಯ ಹೆಚ್ಚಿದಷ್ಟೂ ಉಜ್ಜಿದರು.

ಒಂದು ಬೆಳಿಗ್ಗೆ ನನ್ನನ್ನು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಕರೆದುಕೊಂಡು ಹೋದರು.

"ತೋಮಸ್ ಅವ್ರೇ, ಹೋದ ವಾರ 27 ಅನ್ನೋದು 21 ಆಯ್ತು. ಮೊನ್ನೆ ಬರೀ 2 ಆಯ್ತು. ಇವತ್ತು ನೋಡಿದ್ರೆ ಎರಡೂ ಇಲ್ಲ."

ನೋಡಿದೆ. ಕಡ್ಡಿಯಲ್ಲಿ ನಂಬರಿರಬೇಕಾದ ಜಾಗದಲ್ಲಿ ನನ್ನದೇ ಮೂಗು ಕಂಡಿತು. ಮುಚ್ಚಳಿಕೆಯ ಮೇಲಿನ ನನ್ನ ಸಾಕ್ಷಿ ಸಹಿಯೂ ನೆನಪಾಯಿತು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಏಟು ಬಿದ್ದಿತ್ತು. ಬಾಗಿಲ ಬಳಿ ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಸಿದ್ದಮಲ್ಲಪ್ಪನವರನ್ನು ಗುರುತಿಸುವುದನ್ನೇ ನಿಲ್ಲಿಸಿತ್ತು. ತೋರುಬೆರಳು ಒತ್ತಿದರೆ "ದಯವಿಟ್ಟು ಮತ್ತೆ ಪ್ರಯತ್ನಿಸಿ" ಎಂದು ಹೆಣ್ಣು ದನಿ. ಕರವಸ್ತ್ರಕ್ಕೆ ಒರೆಸಿ ಒತ್ತಿದರು, ತಲೆಯ ಎಣ್ಣೆ ಸವರಿ ಒತ್ತಿದರು, ಯಂತ್ರಕ್ಕೆ ಕೈಮುಗಿದು ಒತ್ತಿದರು. ಇಲವಾಲದಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಮಂಟೇಸ್ವಾಮಿ ಹಿಂದೆ ನಿಂತು ಕೇಳಿಸಿಕೊಂಡ.

"ಸಾರ್, ಮಿಸಿನ್ನಿಗೆ ನೀವ್ ಯಾರು ಅಂತಾನೇ ಗೊತ್ತಿಲ್ವಂತೆ. ಅದ್ಯಾಕಂಗೆ ಯೋಳ್ತದೆ?"

ದೂರು ಕೊಟ್ಟರೆ ಯಾಕೆ, ಏನು ಎಂದು ಕೇಳುತ್ತಾರೆ. ಕೇಳಿದರೆ ಕಡ್ಡಿಯ ವಿಷಯ ಹೊರಬೀಳುತ್ತದೆ. ಹಾಗಾಗಿ ಸಿದ್ದಮಲ್ಲಪ್ಪನವರು ಹೇಳಲಿಲ್ಲ. ಹದಿನೇಳು ದಿನ ಕಚೇರಿಯಲ್ಲೇ ಕೂತು ಗೈರುಹಾಜರಾದರು.

ಗಣತಿ ಮುಗಿದ ಮೇಲೆ ಪರಿಶೀಲನೆಗೆ ಬಂದವರು ಹೊಸ ಸಹಾಯಕ ನಿರ್ದೇಶಕಿ ಶಿಲ್ಪಶ್ರೀ ಮೇಡಂ. ವಯಸ್ಸು ಚಿಕ್ಕದು, ದನಿ ಮೆತ್ತಗೆ, ಪ್ರಶ್ನೆ ಹರಿತ. ಎಲ್ಲರ ಕಡ್ಡಿಯನ್ನೂ ಮೇಜಿನ ಮೇಲೆ ಇಡಿಸಿದರು. ಮಂಟೇಸ್ವಾಮಿಯದಕ್ಕೆ ಸುಣ್ಣ, ಅಡಿಕೆಯ ಕಲೆ, ತುದಿಯಲ್ಲಿ ಹಲ್ಲಿನ ಗುರುತು. ನನ್ನದು ಒಮ್ಮೆ ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಬಂದದ್ದು. ಮೇಡಂ ಎಲ್ಲವನ್ನೂ ನೋಡಿ "ಹೂಂ, ಕೆಲಸ ಮಾಡಿದ್ದೀರ" ಎಂದರು. ವೆಂಕಟಸುಬ್ಬಯ್ಯನವರ ಮುಖ ನೋಡಬೇಕಿತ್ತು. ಆಮೇಲೆ ಸಿದ್ದಮಲ್ಲಪ್ಪನವರ ಸರದಿ. ರಬ್ಬರ್ ಬ್ಯಾಂಡು, ಡಬ್ಬಿ, ರೇಷ್ಮೆ, ಕೊಳವೆ, ಒಂದೊಂದಾಗಿ ಕಳಚಿ ಕಡ್ಡಿ ಹೊರಬಂದಾಗ ಕೋಣೆಯ ಟ್ಯೂಬ್‌ಲೈಟು ಅದರಲ್ಲಿ ಪೂರ್ತಿ ಕಂಡಿತು.

"ಇದು ಹೊಸದು," ಎಂದರು ಮೇಡಂ.

"ಹಳೇದೇ ಮೇಡಂ."

"ನಂಬರ್ ಎಲ್ಲಿ?"

ಸಿದ್ದಮಲ್ಲಪ್ಪನವರು ಕನ್ನಡಕದ ಡಬ್ಬಿಯೊಳಗೆ ಇಣುಕಿ ನೋಡಿದರು.

"ಇಲಾಖೆ ಕಡ್ಡೀನೇ ಅಲ್ಲ ಇದು!" ಎಂದು ವೆಂಕಟಸುಬ್ಬಯ್ಯನವರು ಎದ್ದು ನಿಂತರು. "ಕಳೆದುಹಾಕಿ ಬೇರೆ ತಂದಿಟ್ಟಿದ್ದಾರೆ. ನನ್ನ ಕಣ್ಣಿಗೆ ಎಲ್ಲಾ ಕಾಣುತ್ತೆ ಮೇಡಂ."

ಮೇಡಂ ಟ್ಯಾಬು ತೆರೆದು ಸಹಿಗಳನ್ನು ನೋಡಿದರು. ಒಂದು, ಹತ್ತು, ಐವತ್ತು. ಎಲ್ಲವೂ ಒಂದೇ ಹೊಟ್ಟೆಯ ಹುಳುಗಳು. ಹಾಜರಿ ಪಟ್ಟಿ ತರಿಸಿದರು. ಹದಿನೇಳು ದಿನ ಗೈರು. ಪೆನ್ನು ಕೆಳಗಿಟ್ಟು ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು. "ಕಚೇರಿಗೆ ಬಂದಿಲ್ಲ. ಮನೆಗಳಿಗೆ ಹೋಗಿಲ್ಲ. ಸಹಿ ಎಲ್ಲಾ ಒಬ್ಬರೇ ಗೀಚಿದ್ದು. ಕಡ್ಡಿ ಬೇರೆ. ನಾಳೆ ವಿಚಾರಣೆ. ಸರಿಯಾದ ಉತ್ತರ ಬರದಿದ್ರೆ ಸಸ್ಪೆನ್ಷನ್."

ಆ ಶಬ್ದ ಕೇಳಿ ಸಿದ್ದಮಲ್ಲಪ್ಪನವರು ಕುರ್ಚಿ ಇದ್ದರೂ ನೆಲದ ಮೇಲೆ ಕೂತರು. ಮೂವತ್ಮೂರು ವರ್ಷ ಯಾವ ದೆವ್ವಕ್ಕೆ ಹೆದರಿ ಓಡುತ್ತಿದ್ದರೋ ಅದು ಎದುರಿಗೇ ಬಂದು ನಿಂತಿತ್ತು. ಮೇಡಂ ಮುಚ್ಚಳಿಕೆ ತಿರುವಿ ಹಾಕಿ, "ತೋಮಸ್ ಅಂದ್ರೆ ಯಾರು?" ಎಂದರು. ನಾನೂ ಕೂತೆ.

ಮಧ್ಯಾಹ್ನ ಟೀ ಅಂಗಡಿಯಲ್ಲಿ ಮಂಟೇಸ್ವಾಮಿ ಒಂದು ಉಪಾಯ ಹೇಳಿದ. "ಕೆಲ್ಸ ಮಾಡಿದ್ದೀನಿ ಅಂತ ಕಾಣ್ಬೇಕು ತಾನೇ? ಬೀಗದ ಕೈ ತಕ್ಕೊಂಡು ನಾಕು ಗೀರು ಹಾಕ್ಬುಡಿ ಸಾರ್. ಎಲ್ರುದೂ ಅಂಗೇ ಅದೆ. ಯಾರ್ ಕೇಳ್ತಾರೆ?"

ಸಿದ್ದಮಲ್ಲಪ್ಪನವರು ಜೇಬಿನಿಂದ ಮನೆಯ ಬೀಗದ ಕೈ ತೆಗೆದರು. ಕಡ್ಡಿಯ ಮೈಗೆ ತಾಗಿಸಿದರು. ಎಳೆಯಲು ಬರಲಿಲ್ಲ. ಮೂರು ಸಲ ತಾಗಿಸಿ ಮೂರು ಸಲವೂ ಹಿಂದಕ್ಕೆ ತೆಗೆದರು.

"ಆಗಲ್ಲ ಕಣೋ ಮಂಟೇಸ್ವಾಮಿ. ಸರ್ಕಾರದ್ದು," ಎಂದರು. ಕಣ್ಣಲ್ಲಿ ನೀರಿತ್ತು. ಇಷ್ಟು ದಿನ ನಗುತ್ತಿದ್ದ ನಾನು ಆಗ ಆ ಬೀಗದ ಕೈಯನ್ನು ತೆಗೆದು ಅವರ ಜೇಬಿಗೇ ಹಾಕಿದೆ. ಮನುಷ್ಯ ತನ್ನನ್ನು ಉಳಿಸಿಕೊಳ್ಳಲಿಕ್ಕೂ ಒಂದು ಗೀರು ಹಾಕಲಾರ!

ಮರುದಿನ ವಿಚಾರಣೆಗೆ ಸಾಕ್ಷಿಯಾಗಿ ಪಾರ್ವತಮ್ಮನವರನ್ನು ಕರೆಸಿದರು. ಆಕೆ ಟ್ಯಾಬಿನ ಪರದೆ ನೋಡಿ ಹೌಹಾರಿದರು.

"ಇದು ನನ್ನ ಸಹಿ ಅಲ್ಲ ಕಣಮ್ಮ. ನಂದು ಮುತ್ತಿನಂಗಿರುತ್ತೆ."

"ಸರಿ. ಇವರು ನಿಮ್ಮ ಮನೆಗೆ ಬಂದಿದ್ರಾ?" ಎಂದು ಕೇಳಿದರು ಮೇಡಂ.

"ಬಂದಿದ್ರು ಅಂದ್ರೆ ಮರಕ್ಕೆ ಕಂದಾಯ ಹಾಕ್ತೀರಾ?"

"ಇಲ್ಲ."

"ಬಂದಿಲ್ಲ ಅಂದ್ರೆ ಹಾಕ್ತೀರಾ?"

"ಇಲ್ಲಮ್ಮ."

"ಹಂಗಾದ್ರೆ ಎರಡೂ ಬರ್ಕೊಳಿ. ಯಾವುದಾದ್ರೂ ಒಂದು ಉಪಯೋಗಕ್ಕೆ ಬರುತ್ತೆ."

ಮೇಡಂ ಹಣೆ ಒತ್ತಿಕೊಂಡರು. ಸಿದ್ದಮಲ್ಲಪ್ಪನವರು ಗೋಡೆಗೆ ಒರಗಿ, ಗೋಡೆಯ ಬಣ್ಣಕ್ಕೇ ತಿರುಗಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಸರ್ವಮಂಗಳಮ್ಮ ಕಾಣಿಸಿಕೊಂಡರು. ಗಂಡ ಎರಡು ಹೊತ್ತಿನಿಂದ ಅನ್ನ ಮುಟ್ಟಿಲ್ಲ ಎಂದು ಬುತ್ತಿ ತಂದಿದ್ದರು. ಯಾರೂ ಕರೆಯದೆ ಒಳಗೆ ಬಂದು, ಬುತ್ತಿಯನ್ನು ಹಾಜರಿ ಪಟ್ಟಿಯ ಮೇಲೇ ಇಟ್ಟರು.

"ನೋಡಮ್ಮ, ನೀನು ನನ್ನ ಮಗಳ ವಯಸ್ಸಿನವಳು. ಇವ್ರು ಕಡ್ಡೀನ ಕದ್ದಿಲ್ಲ, ಕಳೆದಿಲ್ಲ. ಸವೆದೀತು ಅಂತ ಸಹೀನೂ ಎಲ್ರ ಹತ್ರ ಬೆರಳಲ್ಲೇ ಹಾಕಿಸ್ಕೊಂಡ್ರು. ಒಂದೂವರೆ ತಿಂಗಳಿಂದ ಮನೇಲಿ ದಿನಾ ವಿಭೂತಿ ಹಾಕಿ ಉಜ್ಜಿದ್ದಾರೆ. ನಾನೇ ಹೇಳ್ಕೊಟ್ಟಿದ್ದು. ತಪ್ಪಿದ್ರೆ ನಂದು. ಎಲ್ಲಿ, ಕೈ ಕೊಡ್ರೀ."

ಶಾಲೆಯ ಹುಡುಗನ ಉಗುರು ತೋರಿಸುವಂತೆ ಗಂಡನ ಕೈ ಹಿಡಿದು ಮೇಡಂ ಮುಂದೆ ಚಾಚಿದರು. ಮೇಡಂ ಬೆರಳು ನೋಡಿದರು, ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದರು, ಇಂಕ್ ಪ್ಯಾಡು ತರಿಸಿ ಬಿಳಿ ಹಾಳೆಯ ಮೇಲೆ ಒತ್ತಿಸಿದರು. ದುಂಡನೆಯ ಒಂದು ನೀಲಿ ಮಚ್ಚೆ ಬಿತ್ತು. ಒಂದು ಗೆರೆ ಇಲ್ಲ, ಸುಳಿ ಇಲ್ಲ. ಬೆರಳು ಹುಣಸೆ ಬೀಜದ ಹಾಗೆ ನುಣ್ಣಗಾಗಿತ್ತು. ಕಡ್ಡಿಯ ನಂಬರು ಹೋದ ದಾರಿಯಲ್ಲೇ ಅವರ ಬೆರಳಚ್ಚೂ ಹೋಗಿತ್ತು.

"ಉಜ್ಜಿ ತೋರಿಸಿ," ಎಂದು ಮೇಡಂ ಮಂಟೇಸ್ವಾಮಿಯ 31ನೇ ನಂಬರಿನ ಕಡ್ಡಿ ಮುಂದಿಟ್ಟರು.

ಸರ್ವಮಂಗಳಮ್ಮ ಸೆರಗಿನ ಗಂಟಿನಿಂದ ವಿಭೂತಿ ತೆಗೆದುಕೊಟ್ಟರು. ಸಿದ್ದಮಲ್ಲಪ್ಪನವರು ಕಡ್ಡಿ ಹಿಡಿದದ್ದೇ ತಡ, ನಡುಕ ನಿಂತಿತು. ಪಳಗಿದ ಕೈ. ಸುಣ್ಣ ಹೋಯಿತು, ಅಡಿಕೆ ಕಲೆ ಹೋಯಿತು, ಮಂಟೇಸ್ವಾಮಿಯ ಹಲ್ಲಿನ ಗುರುತೂ ತಿಳಿಯಾಯಿತು.

"ನಿಲ್ಲಿಸ್ರೀ!" ಎಂದು ವೆಂಕಟಸುಬ್ಬಯ್ಯನವರು ಕಿರುಚಿದರು. "ಮೂವತ್ತೊಂದರಲ್ಲಿ ಒಂದು ಹೋಗ್ಬುಡ್ತು! ಮೂರೂ ಹೊರಟಿದೆ!"

ಮೇಡಂ ಕಡ್ಡಿಯನ್ನು ವಾಪಸು ತೆಗೆದುಕೊಂಡರು. ಟ್ಯಾಬಿನ ಪರದೆಯ ಮೇಲೆ ತಮ್ಮ ಬೆರಳಿನಿಂದ ಒಂದು ಸಹಿ ಹಾಕಿ ನೋಡಿದರು. ಎರೆಹುಳು. ಯಾರೂ ನೋಡಲಿಲ್ಲವೆಂದುಕೊಂಡು ಬೇಗ ಅಳಿಸಿದರು. ಆಮೇಲೆ ವರದಿ ಬರೆದರು. ನಾನು ಭುಜದ ಹಿಂದಿನಿಂದ ಓದಿದೆ. "ಸ್ಟೈಲಸ್ಸಿನಲ್ಲಿ ಗೀರು, ತರಚು ಕಂಡುಬಂದಿಲ್ಲ. ನೌಕರರು ಸವೆದಿದ್ದಾರೆ. ಶಿಸ್ತು ಕ್ರಮದ ಅಗತ್ಯವಿಲ್ಲ."

ವೆಂಕಟಸುಬ್ಬಯ್ಯನವರು ಬೇಸರದಿಂದಲೇ ಹಾಜರಿ ಯಂತ್ರದಲ್ಲಿ ಸಿದ್ದಮಲ್ಲಪ್ಪನವರ ನಡುಬೆರಳು ದಾಖಲಿಸಿದರು. ಯಂತ್ರ "ಧನ್ಯವಾದಗಳು" ಎಂದಿತು. ಸಿದ್ದಮಲ್ಲಪ್ಪನವರು ಅದಕ್ಕೆ "ನಿಮಗೂ" ಎಂದರು. ಪಾರ್ವತಮ್ಮನವರು ಹೋಗುವಾಗ ಸಪೋಟ ಮರ ಯಾರ ಹೆಸರಿಗೆ ಬಿತ್ತು ಎಂದು ಇನ್ನೊಮ್ಮೆ ವಿಚಾರಿಸಿಕೊಂಡು ಹೋದರು. ಸಿದ್ದಮಲ್ಲಪ್ಪನವರು ಬುತ್ತಿ ಬಿಚ್ಚಿ ನಾಲ್ಕು ತುತ್ತು ಮೊಸರನ್ನ ತಿಂದರು. ಅವರು ಹೆದರದೆ ಊಟ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಐದನೇ ತುತ್ತಿಗೆ ಮೇಡಂ ಕರೆದರು. ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ಕಚೇರಿಯ ಅಷ್ಟೂ ಕಡ್ಡಿಗಳು, ನಲವತ್ತಾರು, ಕಚ್ಚಿದ್ದು, ಗೀರಿದ್ದು, ಕಲೆಯಾದದ್ದು.

"ಇನ್ಮೇಲೆ ತಿಂಗಳಾ ತಿಂಗಳಾ ಬೆಂಗಳೂರಿನಿಂದ ಬಂದು ಇವನ್ನ ನೋಡ್ತಾರಂತೆ," ಎಂದರು ಮೇಡಂ. ಮೆತ್ತಗಿನ ದನಿ ಈಗ ಸ್ವಲ್ಪ ಅದುರುತ್ತಿತ್ತು. "ಒಂದು ಗೀರು ಕಂಡ್ರೂ ನೋಟೀಸು ನನಗೆ ಬರುತ್ತೆ. ನಂದಿನ್ನೂ ಪ್ರೊಬೇಷನ್ನು. ಇವು ಇನ್ನು ನಿಮ್ಮ ಸುಪರ್ದಿಗೆ ಸಿದ್ದಮಲ್ಲಪ್ಪನವ್ರೇ. ನಿಮ್ಮಷ್ಟು ಜೋಪಾನ ಯಾರೂ ಮಾಡಲ್ಲ. ನಂಬರ್‌ಗಳನ್ನ ಆಮೇಲೆ ನಾವೇ ಬರೆಸ್ಕೋತೀವಿ."

ವೆಂಕಟಸುಬ್ಬಯ್ಯನವರು ಆಗಲೇ ಮುಚ್ಚಳಿಕೆ ಹಿಡಿದು ನಿಂತಿದ್ದರು. ಸಾಕ್ಷಿಯ ಜಾಗ ಖಾಲಿ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು.

ಹೊರಗೆ ಬಂದಾಗ ಸಿದ್ದಮಲ್ಲಪ್ಪನವರು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು, ಎರಡೂ ಕೈ ಮುಂದೆ ಚಾಚಿಕೊಂಡು ಬಹಳ ಹೊತ್ತು ನೋಡಿದರು. ತುಟಿ ಏನನ್ನೋ ಎಣಿಸುತ್ತಿತ್ತು.

"ತೋಮಸ್ ಅವ್ರೇ, ನಿವೃತ್ತಿಗೆ ಇನ್ನು ಎಂಟು ತಿಂಗಳು. ಬೆರಳು ಒಂಬತ್ತು ಉಳಿದಿವೆ. ತಿಂಗಳಿಗೊಂದು ಹೋದ್ರೂ, ವರ್ಷಾ ವರ್ಷಾ ಪಿಂಚಣಿಯವರ ಮಿಷನ್ ಮೇಲೆ ಒತ್ತಿ ನಾನಿನ್ನೂ ಬದುಕಿದ್ದೀನಿ ಅಂತ ತೋರಿಸೋಕೆ ಒಂದು ಉಳಿಯುತ್ತೆ, ಅಲ್ವಾ?"

ನಾನೂ ಎಣಿಸಿ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು.